ಏಜ್ ಆಫ್ ಮಿಥಾಲಜಿ ಎಕ್ಸ್‌ಪ್ಯಾನ್ಶನ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

"ಟೈಟನ್ಸ್ ಹಾಕಿದೀನಣ್ಣ, ಅಟ್ಲಾಂಟಿಯನ್ನೇ ಬರ್ತಿಲ್ಲ." "ಚೈನೀಸ್ ಪ್ಯಾಕಿಗೆ ದುಡ್ಡು ಕೊಟ್ಟಾಯ್ತು, ಮೆನುವಿನಲ್ಲಿ ಇನ್ನೂ ಬೀಗ ಹಾಕ್ದಂಗೇ ಇದೆ." "ಗೇಮು ನೆಗ್ದ್ ಬಿತ್ತು."

ಮೈಸೂರು, ಮಂಡ್ಯ ಕಡೆ ಏಜ್ ಆಫ್ ಮಿಥಾಲಜಿ ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟದ ಬಗ್ಗೆ ಬರುವ ದೂರುಗಳು ಹೆಚ್ಚುಕಮ್ಮಿ ಈ ಮೂರರಲ್ಲಿ ಒಂದು. ಮೂರಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಹತ್ತಿರ ಇರುವುದು ಯಾವ ಆಟ? ಡ್ರೈವರ್, ವಿಂಡೋಸ್, ರ‍್ಯಾಮ್ ಎಲ್ಲ ಆಮೇಲಿನ ಮಾತು. ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಆಟಗಳಿವೆ, ಒಂದರ ಎಕ್ಸ್‌ಪ್ಯಾನ್ಶನ್ (ಮೂಲ ಆಟಕ್ಕೆ ಆಮೇಲೆ ಸೇರಿಸುವ ಪ್ಯಾಕ್) ಇನ್ನೊಂದಕ್ಕೆ ಹತ್ತುವುದಿಲ್ಲ. ಇದು ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿಸಿಕೊಂಡ ಕಂಪ್ಯೂಟರುಗಳಿಗೆ ಲೆಕ್ಕವಿಲ್ಲ.

ಮೂರು ಆಟ, ಮೂರು ಸಂಸಾರ

ಮೊದಲನೆಯದು ಸಿಡಿ ಕಾಲದ್ದು. ಎನ್‌ಸೆಂಬಲ್ ಸ್ಟುಡಿಯೋಸ್ ಮಾಡಿದ ಮೂಲ ಆಟ 2002ರದ್ದು, ಅದರ ಎಕ್ಸ್‌ಪ್ಯಾನ್ಶನ್ 'ದಿ ಟೈಟನ್ಸ್' 2003ರದ್ದು, ಅಟ್ಲಾಂಟಿಯನ್ನರು ಬಂದದ್ದು ಇದರಲ್ಲೇ. ಎರಡನ್ನೂ ಸೇರಿಸಿದ ಗೋಲ್ಡ್ ಎಡಿಶನ್ 2004ರಲ್ಲಿ ಬಂತು. ಎರಡನೆಯದು 2014ರಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದ ಎಕ್ಸ್‌ಟೆಂಡೆಡ್ ಎಡಿಶನ್. ಇದರಲ್ಲಿ ಟೈಟನ್ಸ್ ಒಳಗೇ ಇದೆ, ಬೇರೆ ಹಾಕುವ ಹಾಗಿಲ್ಲ. ಇದರ ಮೇಲೆ ಕೂರುವ ಪ್ಯಾಕ್ 2016ರ 'ಟೇಲ್ ಆಫ್ ದಿ ಡ್ರ್ಯಾಗನ್', ಅಂದರೆ ಚೀನೀ ನಾಗರಿಕತೆ. ಮೂರನೆಯದು 2024ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಕಟ್ಟಿ ಬಿಟ್ಟ 'ರಿಟೋಲ್ಡ್'. ಇದರಲ್ಲಿ ಗ್ರೀಕ್, ಈಜಿಪ್ಟ್, ನಾರ್ಸ್ ಜೊತೆ ಅಟ್ಲಾಂಟಿಯನ್ನರೂ ಮೂಲ ಆಟದಲ್ಲೇ ಇದ್ದಾರೆ. ಚೀನೀಯರು ಬೇಕೆಂದರೆ 2025ರ 'ಇಮ್ಮಾರ್ಟಲ್ ಪಿಲ್ಲರ್ಸ್' ಕೊಳ್ಳಬೇಕು.

ಗೊಂದಲ ಹುಟ್ಟುವುದು ಇಲ್ಲೇ. ಚೀನೀಯರು ಎರಡು ಪ್ಯಾಕಿನಲ್ಲಿದ್ದಾರೆ, ಎರಡರಲ್ಲೂ ಫೂಶಿ, ನೂವಾ, ಶೆನ್ನಾಂಗ್ ಎಂಬ ಅದೇ ಮೂರು ದೊಡ್ಡ ದೇವರು. ಆದರೆ ಟೇಲ್ ಆಫ್ ದಿ ಡ್ರ್ಯಾಗನ್ ಕೊಂಡವರಿಗೆ ರಿಟೋಲ್ಡ್‌ನಲ್ಲಿ ಏನೂ ತೆರೆಯುವುದಿಲ್ಲ, ಇಮ್ಮಾರ್ಟಲ್ ಪಿಲ್ಲರ್ಸ್ ಕೊಂಡವರಿಗೆ ಎಕ್ಸ್‌ಟೆಂಡೆಡ್ ಎಡಿಶನ್‌ನಲ್ಲಿ ಏನೂ ತೆರೆಯುವುದಿಲ್ಲ. ಇದಕ್ಕೆ ರಿಪೇರಿ ಇಲ್ಲ. ದುಡ್ಡು ವಾಪಸ್ ಕೇಳುವುದೊಂದೇ ದಾರಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ ಹೊತ್ತು 2 ಗಂಟೆಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊಡುತ್ತಾರೆ. ಪ್ಯಾಕಿನ ವಿಷಯದಲ್ಲಿ ಆ 2 ಗಂಟೆಯನ್ನು ಪ್ಯಾಕ್ ಕೊಂಡ ಮೇಲೆ ಮೂಲ ಆಟ ಎಷ್ಟು ಹೊತ್ತು ಓಡಿತು ಎಂದು ಎಣಿಸುತ್ತಾರೆ. ಹಾಗಾಗಿ "ಬರುತ್ತೇನೋ" ಅಂತ ಆಟ ತೆರೆದಿಟ್ಟುಕೊಂಡು ಮಧ್ಯಾಹ್ನವಿಡೀ ಕಾಯಬೇಡಿ.

ಅಂಗಡಿ ಬೇರೆಯಾದರೂ ಇದೇ ಕತೆ. ರಿಟೋಲ್ಡ್ ಅನ್ನು ಮೈಕ್ರೋಸಾಫ್ಟಿನ ಚಂದಾ ಸೇವೆ ಗೇಮ್ ಪಾಸ್‌ನಲ್ಲಿ ಆಡುತ್ತಾ, ಪ್ಯಾಕನ್ನು ಸ್ಟೀಮ್‌ನಲ್ಲಿ ಕೊಂಡರೆ ಎರಡೂ ಸೇರುವುದಿಲ್ಲ. ಮೂಲ ಆಟ ಎಲ್ಲಿಂದ ಬಂತೋ ಪ್ಯಾಕೂ ಅಲ್ಲಿಂದಲೇ ಬರಬೇಕು.

ಸಿಡಿ ಆಟ: ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ

ಮನೆಯ ಬೀರುವಿನಲ್ಲಿ ಹಳೇ ಸಿಡಿ ಸಿಕ್ಕಿತು, ಹಾಕಿದಿರಿ, ಇನ್‌ಸ್ಟಾಲ್ ನೂರಕ್ಕೆ ನೂರು ಮುಗಿಯಿತು. ಐಕಾನ್ ಎರಡು ಸಲ ಒತ್ತಿದರೆ ಕರ್ಸರ್ ಒಂದು ಕ್ಷಣ ಸುತ್ತಿ ಸುಮ್ಮನಾಗುತ್ತದೆ. ಎರರ್ ಕೂಡ ಇಲ್ಲ. ಇನ್ನು ಕೆಲವು ಕಡೆ ಸಿಡಿ ಡ್ರೈವಿನಲ್ಲೇ ಇದ್ದರೂ ಸಿಡಿ ಹಾಕು ಅನ್ನುತ್ತದೆ.

ಸಿಡಿ ಸರಿಯಿದೆ, ತಪ್ಪು ಕಾವಲುಗಾರನದ್ದು. ಆ ಕಾಲದ ಸಿಡಿಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ರಕ್ಷಣೆ ಇತ್ತು. ಅದು ಕೆಲಸ ಮಾಡಲು ವಿಂಡೋಸ್‌ನಲ್ಲಿ ಸೆಕ್‌ಡಿಆರ್‌ವಿ ಎಂಬ ಡ್ರೈವರ್ ಓಡುತ್ತಿರಬೇಕು. ಆ ಡ್ರೈವರಿನಲ್ಲಿ ಭದ್ರತೆಯ ತೂತು ಇದ್ದದ್ದರಿಂದ ವಿಂಡೋಸ್ 10ರಲ್ಲಿ ಅದನ್ನು ಸೇರಿಸಲೇ ಇಲ್ಲ. ವಿಂಡೋಸ್ 7, 8ರಲ್ಲಿ 2015ರ ಸೆಪ್ಟೆಂಬರ್ ಅಪ್‌ಡೇಟ್ ಕೆಬಿ 3086255 ಅದನ್ನು ನಿಲ್ಲಿಸಿತು. ಅಂದಮೇಲೆ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಆರಿಸಿದರೂ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೂ ಉಪಯೋಗವಿಲ್ಲ. ಇಲ್ಲದ ಡ್ರೈವರನ್ನು ಕಂಪ್ಯಾಟಿಬಿಲಿಟಿ ಮೋಡ್ ಹುಟ್ಟಿಸುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕೇ? ಕಮಾಂಡ್ ಪ್ರಾಂಪ್ಟ್ ತೆರೆದು 'ಎಸ್‌ಸಿ ಕ್ವೆರಿ' ಆಜ್ಞೆಯ ಮುಂದೆ ಆ ಡ್ರೈವರಿನ ಹೆಸರು ಕೊಡಿ. 1060 ಎಂಬ ಸಂಖ್ಯೆಯ ಜೊತೆ ಅಂಥ ಸರ್ವಿಸ್ ಇಲ್ಲ ಎಂದು ಉತ್ತರ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಅಂತರ್ಜಾಲದಲ್ಲಿ ಆ ಡ್ರೈವರನ್ನು ಹುಡುಕಿ ತಂದು ಕೂರಿಸುವ ಸಾಹಸ ಬೇಡ, 'ಕ್ರ್ಯಾಕ್' ಫೈಲಿನ ಸಹವಾಸವೂ ಬೇಡ. ಒಂದು ಆಟಕ್ಕಾಗಿ ಮನೆಯ ಹಿಂಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಇಂಟರ್ನೆಟ್ಟಿಗೆ ಸೇರಿಸದ ಹಳೇ ಎಕ್ಸ್‌ಪಿ ಕಂಪ್ಯೂಟರ್ ಇದ್ದರೆ ಅದರಲ್ಲಿ ಸಿಡಿ ಆಡಿ. ಇಲ್ಲವೇ ಸ್ಟೀಮ್ ಆವೃತ್ತಿ ಕೊಳ್ಳಿ.

ಎಕ್ಸ್‌ಪಿಯಲ್ಲೇ ಆಡುವವರಿಗೆ ಒಂದೆರಡು ಮಾತು. ಮೊದಲು ಮೂಲ ಆಟ, ಆಮೇಲೆ ಟೈಟನ್ಸ್. ಕ್ರಮ ತಿರುವುಮುರುವಾದರೆ ಟೈಟನ್ಸ್ ಇನ್‌ಸ್ಟಾಲರ್ ಒಪ್ಪುವುದಿಲ್ಲ. ಟೈಟನ್ಸ್ ಹಾಕಿದ ಮೇಲೆ ಡೆಸ್ಕ್‌ಟಾಪಿನಲ್ಲಿ ಎರಡು ಐಕಾನ್ ಇರುತ್ತವೆ. ಮೂಲದ ಫೈಲಿನ ಹೆಸರು ಎಒಎಂ, ಟೈಟನ್ಸ್‌ನದು ಎಒಎಂಎಕ್ಸ್. "ಅಟ್ಲಾಂಟಿಯನ್ ಬರ್ತಿಲ್ಲ" ಎಂಬ ದೂರು ಬಹುಪಾಲು ಹಳೇ ಐಕಾನನ್ನೇ ಒತ್ತುವ ಅಭ್ಯಾಸದಿಂದ ಬಂದದ್ದು. ನೆಟ್‌ನಿಂದ ಇಳಿಸಿಕೊಂಡ ಮ್ಯಾಪ್ ಕಾಣದಿದ್ದರೂ ಕಾರಣ ಇದೇ ಇರಬಹುದು: ಮೂಲ ಆಟದ ಸಿನಾರಿಯೋ ಫೈಲಿನ ಬಾಲ ಎಸ್‌ಸಿಎನ್, ಟೈಟನ್ಸ್‌ನದು ಎಸ್‌ಸಿಎಕ್ಸ್. ಎರಡನೆಯದನ್ನು ಮೂಲ ಆಟ ಓದುವುದಿಲ್ಲ.

ಇನ್‌ಸ್ಟಾಲ್ ನಡುವೆ ಒಂದೇ ಫೈಲಿಗೆ ಬಂದು ನಿಂತರೆ ಮಾತ್ರ ಸಿಡಿಯ ಮೇಲೆ ಅನುಮಾನ ಪಡಿ. ಬೆಳಕಿಗೆ ಹಿಡಿದು ನೋಡಿ. ಬೂಷ್ಟಿನ ಬಿಳಿ ಕಲೆಯೋ ಸೂಜಿ ಮೊನೆಯಷ್ಟು ತೂತೋ ಕಂಡರೆ ತೊಳೆದು ಪ್ರಯೋಜನವಿಲ್ಲ. ಬರೀ ಬೆರಳ ಗುರುತಾದರೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಗುಂಡಗೆ ಒರೆಸಬೇಡಿ, ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ.

ಕೊಂಡ ಪ್ಯಾಕ್ ಕಾಣುತ್ತಿಲ್ಲ

ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡಿಎಲ್‌ಸಿ. ಪ್ಯಾಕಿನ ಹೆಸರು ಅಲ್ಲಿ ಇದೆಯೇ, ಪಕ್ಕದ ಚೌಕದಲ್ಲಿ ಟಿಕ್ ಇದೆಯೇ ನೋಡಿ. ಹೆಸರೇ ಇಲ್ಲದಿದ್ದರೆ ಕೊಂಡದ್ದು ಬೇರೆ ಅಕೌಂಟಿನಲ್ಲಿ, ಇಲ್ಲವೇ ಬೇರೆ ಆವೃತ್ತಿಗೆ. ಅಣ್ಣತಮ್ಮಂದಿರು ಒಂದೇ ಲ್ಯಾಪ್‌ಟಾಪ್ ಬಳಸುವ ಮನೆಯಲ್ಲಿ ಮೊದಲನೆಯದೇ ಹೆಚ್ಚು. ಹೆಸರಿದೆ, ಟಿಕ್ ಇಲ್ಲ ಎಂದರೆ ಟಿಕ್ ಹಾಕಿ ಡೌನ್‌ಲೋಡ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಎರಡೂ ಇದ್ದೂ ಬೀಗ ಬಿಡದಿದ್ದರೆ ಸ್ಟೀಮನ್ನೇ ಮುಚ್ಚಿ ತೆರೆಯಿರಿ. ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರೆ ಸ್ಟೀಮ್ ಮುಚ್ಚುವುದಿಲ್ಲ, ಅಡಗಿ ಕೂರುತ್ತದೆ; ಸ್ಟೀಮ್ ಮೆನುವಿನಿಂದ ಎಕ್ಸಿಟ್ ಕೊಡಬೇಕು.

ತೆರೆದ ಕೂಡಲೇ ಬೀಳುತ್ತದೆ

ಇಲ್ಲಿ ಊಹೆ ಬೇಡ. ವಿಂಡೋಸ್ ತಾನೇ ಬರೆದಿಟ್ಟುಕೊಂಡಿರುತ್ತದೆ, ಓದಿದರೆ ಸಾಕು. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಎಂದು ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ತೆರೆಯಿರಿ. ಆಟ ಬಿದ್ದ ನಿಮಿಷಕ್ಕೆ ಸರಿಯಾಗಿ ಕೆಂಪು ಗುರುತಿನ ಸಾಲೊಂದು ಇರುತ್ತದೆ. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್ ನೇಮ್' ಮತ್ತು 'ಎಕ್ಸೆಪ್ಶನ್ ಕೋಡ್', ಈ ಎರಡು ಮಾತ್ರ ನೋಡಿ.

ಮಾಡ್ಯೂಲಿನ ಹೆಸರು ಎನ್‌ವಿ, ಎಟಿಐ ಅಥವಾ ಐಜಿ ಅಕ್ಷರಗಳಿಂದ ಶುರುವಾದರೆ ಗ್ರಾಫಿಕ್ಸ್ ಡ್ರೈವರ್. ಕ್ರಮವಾಗಿ ಎನ್‌ವಿಡಿಯಾ, ಎಎಂಡಿ, ಇಂಟೆಲ್. ಹೊಸದನ್ನು ಹಾಕುವಾಗ ಲ್ಯಾಪ್‌ಟಾಪ್ ಕಂಪನಿಯ ಪುಟದಲ್ಲಿರುವ ಡ್ರೈವರಿಗಿಂತ ಚಿಪ್ ತಯಾರಕರ ಪುಟದ್ದು ಸಾಮಾನ್ಯವಾಗಿ ಹೊಸದು. ವಿಸಿ ರನ್‌ಟೈಮ್ ಅಥವಾ ಎಂಎಸ್‌ವಿಸಿ ಎಂದಿದ್ದರೆ ವಿಶುವಲ್ ಸಿ ಪ್ಲಸ್ ಪ್ಲಸ್ ಫೈಲುಗಳು ಕೆಟ್ಟಿವೆ ಅಥವಾ ಇಲ್ಲ. ಇದಕ್ಕೆ ಬೇರೆ ಸೈಟಿನಿಂದ ಒಂಟಿ ಡಿಎಲ್‌ಎಲ್ ತಂದು ಅಂಟಿಸಬೇಡಿ. ಸ್ಟೀಮ್ ಆಟಗಳ ಫೋಲ್ಡರಿನಲ್ಲಿ 'ಕಾಮನ್ ರೀಡಿಸ್ಟ್' ಎಂಬ ಹೆಸರಿನಲ್ಲಿ ಇನ್‌ಸ್ಟಾಲರ್‌ಗಳು ಇರುತ್ತವೆ, ಅವನ್ನೇ ಮತ್ತೆ ಓಡಿಸಿ. ಎನ್‌ಟಿಡಿಎಲ್‌ಎಲ್ ಎಂದು ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ತಪ್ಪೂ ಕೊನೆಗೆ ಹಾದು ಹೋಗುವ ಬಾಗಿಲು ಅದು.

ಕೋಡಿನ ಕೊನೆಯಲ್ಲಿ 007ಬಿ ಇದ್ದರೆ 32 ಬಿಟ್ ಪ್ರೋಗ್ರಾಮಿಗೆ 64 ಬಿಟ್ ಫೈಲ್ ಸಿಕ್ಕಿದೆ ಎಂದರ್ಥ. ಮೇಲೆ ಹೇಳಿದ ಒಂಟಿ ಡಿಎಲ್‌ಎಲ್ ಸಾಹಸದ ಫಲ ಇದೇ ಆಗಿರುತ್ತದೆ. 0005 ಎಂದು ಮುಗಿದರೆ ಮೆಮೊರಿಯಲ್ಲಿ ತನ್ನದಲ್ಲದ ಜಾಗ ಮುಟ್ಟಿದೆ. ಮಾಡ್ (ಆಟವನ್ನು ಬದಲಿಸಲು ಬೇರೆಯವರು ಮಾಡಿದ ಫೈಲು) ಇದ್ದರೆ ಮೊದಲು ಅದನ್ನು ತೆಗೆದು ನೋಡಿ.

ಆಟದ ಸಾಲೇ ಇಲ್ಲ, ಬದಲಿಗೆ ಸಿಸ್ಟಮ್ ಲಾಗಿನಲ್ಲಿ 'ಕರ್ನಲ್ ಪವರ್ 41' ಇದೆಯೇ? ಹಾಗಾದರೆ ಬಿದ್ದದ್ದು ಆಟ ಅಲ್ಲ, ಇಡೀ ಕಂಪ್ಯೂಟರ್. ಅದಕ್ಕೆ ಮುಂದೆ ಬೇರೆ ಭಾಗ ಇದೆ.

ಓಡುತ್ತದೆ, ಆದರೆ ತೆವಳುತ್ತದೆ

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ದೋಷದಲ್ಲಿ. "ಸ್ಲೋ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕಾಯಿಲೆ ಅಡಗಿವೆ. ಒಂದು, ಚಿತ್ರ ಜರ್ಕ್ ಹೊಡೆಯುವುದು. ಇನ್ನೊಂದು, ಆಟದ ಕಾಲವೇ ನಿಧಾನವಾಗುವುದು. ಮೊದಲನೆಯದು ಗ್ರಾಫಿಕ್ಸ್ ಚಿಪ್ಪಿನ ಸಂಕಟ, ಎರಡನೆಯದು ಪ್ರೊಸೆಸರಿನದು. ಎರಡನೆಯದಕ್ಕೆ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದರೆ ಗಾಡಿಗೆ ಎತ್ತು ಬೇಕಾದಾಗ ಬಣ್ಣ ಹೊಡೆಸಿದ ಹಾಗೆ.

ಬೇರ್ಪಡಿಸುವ ಪರೀಕ್ಷೆ ಸುಲಭ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಆಟ ಶುರುವಾದ ಮೊದಲ ನಿಮಿಷದಲ್ಲಿ ಟೌನ್ ಸೆಂಟರಿನಿಂದ ಒಬ್ಬ ವಿಲೇಜರನ್ನು ತಯಾರಿಗೆ ಹಾಕಿ, ಒತ್ತಿದ ಕ್ಷಣದಿಂದ ಹೊರಗೆ ಬರುವವರೆಗೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. ಸೈನ್ಯಗಳು ತುಂಬಿ ಆಟ ಭಾರವಾದ ಮೇಲೆ, ಅದೇ ಸ್ಪೀಡಿನಲ್ಲಿ, ಅದೇ ವಿಲೇಜರನ್ನು ಮತ್ತೆ ತಯಾರಿಗೆ ಹಾಕಿ ಎಣಿಸಿ. ನಡುವೆ ತಯಾರಿಯ ವೇಗ ಬದಲಿಸುವ ಸುಧಾರಣೆ ಯಾವುದನ್ನೂ ಮಾಡಿರಬಾರದು. ಎರಡು ಸಲವೂ ಸಮಯ ಒಂದೇ ಬಂದು ಚಿತ್ರ ಮಾತ್ರ ಕಡಿದು ಕಡಿದು ಬಂದರೆ ಗ್ರಾಫಿಕ್ಸ್. ಸಮಯವೇ ಉದ್ದವಾಗಿದ್ದರೆ ಪ್ರೊಸೆಸರ್ ಸೋತಿದೆ.

ಸೋತಿದೆ ಎಂದರೆ ಟಾಸ್ಕ್ ಮ್ಯಾನೇಜರ್ ಒಪ್ಪುವುದಿಲ್ಲ, ಸಿಪಿಯು ಶೇ 15 ಎಂದು ತೋರಿಸುತ್ತದೆ. ಅಲ್ಲೇ ಮೋಸ ಹೋಗುವುದು. ಹಳೇ ಎಂಜಿನ್ನಿನ ಮುಖ್ಯ ಲೆಕ್ಕವೆಲ್ಲ ಒಂದೇ ಕೋರ್ ಮೇಲೆ ನಡೆಯುತ್ತದೆ. 8 ಲಾಜಿಕಲ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಒಂದು ಪೂರ್ತಿ ತುಂಬಿದರೂ ಒಟ್ಟು ಲೆಕ್ಕಕ್ಕೆ ಅದು ಶೇ 12.5 ಮಾತ್ರ. 4 ಇದ್ದರೆ ಶೇ 25, 16 ಇದ್ದರೆ ಶೇ 6ರ ಸುಮಾರು. ಪರ್ಫಾರ್ಮೆನ್ಸ್ ಟ್ಯಾಬಿನ ಸಿಪಿಯು ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಒಂದು ಚೌಕ ತಲೆ ಮುಟ್ಟಿ ಉಳಿದವು ನಿದ್ದೆ ಹೊಡೆಯುತ್ತಿದ್ದರೆ ನಿಮ್ಮ ರೋಗ ಅದೇ. ವಿಂಡೋಸ್ ಕೆಲಸವನ್ನು ಕೋರ್‌ನಿಂದ ಕೋರ್‌ಗೆ ಎತ್ತಿಡುವುದರಿಂದ ಕೆಲವೊಮ್ಮೆ ಎರಡು ಮೂರು ಚೌಕಗಳು ಸರದಿಯಲ್ಲಿ ಏರಿಳಿಯುವುದೂ ಉಂಟು.

ಪ್ರೊಸೆಸರಿನ ಕಾಯಿಲೆಗೆ ಮದ್ದು ಪಥ್ಯವೇ. ಕಂಪ್ಯೂಟರ್ ಎದುರಾಳಿಗಳ ಸಂಖ್ಯೆ ಇಳಿಸಿ, ಮ್ಯಾಪ್ ಸಣ್ಣದು ಮಾಡಿ. ದೊಡ್ಡ ಮ್ಯಾಪಿನಲ್ಲಿ ನೂರಾರು ಸೈನಿಕರು ಒಟ್ಟಿಗೆ ದಾರಿ ಹುಡುಕುವುದೇ ಭಾರೀ ಲೆಕ್ಕ; ಕಾಡು, ಕಿರಿದಾದ ಸಂದು, ಗೋಡೆ ಇದ್ದಷ್ಟೂ ಹೆಚ್ಚು. ಟೈಟನ್ ಎಂಬ ದೈತ್ಯ ಬಂದಾಗ ಆಟ ತೊದಲುತ್ತದೆ ಎಂದು ಹೇಳುವವರುಂಟು. ಆ ಹೊತ್ತಿಗೆ ಎಲ್ಲರ ಸೈನ್ಯವೂ ತುಂಬಿ ಒಂದೇ ಜಾಗಕ್ಕೆ ನುಗ್ಗುತ್ತಿರುತ್ತದೆ. ಬೈಗುಳ ಮಾತ್ರ ಟೈಟನ್‌ಗೆ.

ಗ್ರಾಫಿಕ್ಸ್ ಕಾಯಿಲೆಗೆ ಮೊದಲ ಅನುಮಾನ ಎರಡು ಚಿಪ್ ಇರುವ ಲ್ಯಾಪ್‌ಟಾಪಿನ ಮೇಲೆ. ವಿಂಡೋಸ್ ಈ ಹಳೇ ಆಟವನ್ನು ಕಂಡು "ಇದಕ್ಕೇನು ಸಾಕು" ಎಂದು ಸಣ್ಣ ಚಿಪ್ಪಿಗೆ ತಳ್ಳಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆಟದ ಫೈಲನ್ನು ಸೇರಿಸಿ 'ಹೈ ಪರ್ಫಾರ್ಮೆನ್ಸ್' ಆರಿಸಿ. ಎಕ್ಸ್‌ಟೆಂಡೆಡ್ ಎಡಿಶನ್‌ನಲ್ಲಿ ನೀರು, ನೆರಳು ಚೆಂದ ಮಾಡಿದ್ದಾರೆ ನಿಜ. ಬಡ ಲ್ಯಾಪ್‌ಟಾಪಿಗೆ ಆ ಚೆಂದವೇ ಹೊರೆ. ನೆರಳನ್ನು ಮೊದಲು ಇಳಿಸಿ, ಆಮೇಲೆ ನೀರು, ಕೊನೆಗೆ ರೆಸಲ್ಯೂಶನ್. ಒಂದೊಂದಾಗಿ ಇಳಿಸಿ, ಪ್ರತಿ ಸಲ ನೀರಿರುವ ಅದೇ ಮ್ಯಾಪಿನಲ್ಲಿ ನೋಡಿ. ಎಲ್ಲವನ್ನೂ ಒಟ್ಟಿಗೆ ಇಳಿಸಿದರೆ ಸರಿಹೋದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ರಿಟೋಲ್ಡ್ ಆಡಲು ಹೊರಟವರು ರ‍್ಯಾಮ್ ಕಡ್ಡಿ ಎಷ್ಟು ಎಂದು ನೋಡಿ. ಒಳಗಿನ ಚಿಪ್ ಸಿಸ್ಟಮ್ಮಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ 8 ಜಿಬಿ ಕಡ್ಡಿ ಇದ್ದರೆ ಒಂದೇ ಚಾನೆಲ್. ಇನ್ನೊಂದು ಅಂಥದ್ದೇ ಕಡ್ಡಿ ಹಾಕಿದರೆ ದಾರಿ ಎರಡಾಗುತ್ತದೆ. ಇಂಥ ಯಂತ್ರಕ್ಕೆ ಬೇರೆ ಯಾವ ಖರ್ಚಿಗಿಂತ ಇದೇ ಲೇಸು.

ದಸರಾ ರಜೆ, ನಾಲ್ಕು ಲ್ಯಾಪ್‌ಟಾಪ್, ಔಟ್ ಆಫ್ ಸಿಂಕ್

ರಜೆಗೆ ನಾಲ್ಕು ಜನ ಒಂದೇ ಮನೆಗೆ ಬಂದು ಆಡಲು ಕೂತರೆ, ಇಪ್ಪತ್ತು ನಿಮಿಷಕ್ಕೆ 'ಔಟ್ ಆಫ್ ಸಿಂಕ್' ಎಂದು ಆಟ ಮುರಿದು ಬೀಳುತ್ತದೆ. ಎಲ್ಲರೂ ವೈಫೈ ಬೈಯುತ್ತಾರೆ. ವೈಫೈ ಕೆಟ್ಟರೆ ಬರುವುದು ಲ್ಯಾಗ್, ಇಲ್ಲವೇ ಒಬ್ಬ ಡ್ರಾಪ್ ಆಗುವುದು. ಸಿಂಕ್ ತಪ್ಪುವುದು ಬೇರೆ ವಿಷಯ.

ಇಂಥ ಆಟಗಳು ಸೈನ್ಯದ ಸ್ಥಿತಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವುದೇ ಇಲ್ಲ. ಯಾರು ಯಾವ ಆಜ್ಞೆ ಕೊಟ್ಟರು ಎಂಬುದಷ್ಟೇ ಹೋಗುತ್ತದೆ. ಉಳಿದ ಲೆಕ್ಕವನ್ನು ಪ್ರತಿ ಯಂತ್ರವೂ ತಾನೇ ಮಾಡಿಕೊಳ್ಳುತ್ತದೆ. ಮಂಡ್ಯದಲ್ಲೊಂದು ಮಣೆ, ಮೈಸೂರಿನಲ್ಲೊಂದು ಮಣೆ ಹಾಸಿಕೊಂಡು ಫೋನಿನಲ್ಲಿ ಚೌಕಾಬಾರ ಆಡಿದ ಹಾಗೆ: ಕವಡೆ ಎಷ್ಟು ಬಿತ್ತು, ಯಾವ ಕಾಯಿ ನಡೆಸಿದೆ ಅಂತ ಹೇಳಿದರೆ ಸಾಕು, ಎರಡು ಮಣೆಯೂ ಒಂದೇ ಥರ ಇರುತ್ತವೆ. ಆದರೆ ಒಂದು ಮಣೆಯಲ್ಲಿ ಒಂದು ಕಟ್ಟೆ ಕಡಿಮೆ ಬರೆದಿದ್ದರೆ? ಅರ್ಧ ಆಟದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಯಾರದೋ ಕಾಯಿ ಆ ಮನೆಗೆ ಬಂದ ದಿನ ಇಲ್ಲಿ ಸತ್ತಿರುತ್ತದೆ, ಅಲ್ಲಿ ಬದುಕಿರುತ್ತದೆ. ಔಟ್ ಆಫ್ ಸಿಂಕ್ ಅಂದರೆ ಇದೇ. ಇದೇ ಕಾರಣಕ್ಕೆ ನಾಲ್ವರಲ್ಲಿ ಒಬ್ಬನ ಯಂತ್ರ ನಿಧಾನವಾದರೆ ಉಳಿದವರೂ ಅವನಿಗಾಗಿ ಕಾಯಬೇಕಾಗುತ್ತದೆ.

ಹಾಗಾಗಿ ಹುಡುಕಬೇಕಾದದ್ದು ಮಣೆಯ ವ್ಯತ್ಯಾಸ. ಮೊದಲು ಆವೃತ್ತಿ ಸಂಖ್ಯೆ ಎಲ್ಲರದೂ ಒಂದೇ ಇರಬೇಕು. ಸಿಡಿ ಟೈಟನ್ಸ್ ಆದರೆ ಎಲ್ಲರಲ್ಲೂ 1.03. ಆಮೇಲೆ ಮಾಡ್. ಎಕ್ಸ್‌ಟೆಂಡೆಡ್ ಎಡಿಶನ್‌ನಲ್ಲಿ ವರ್ಕ್‌ಶಾಪಿನಿಂದ ಬಂದ ಮಾಡ್ ಬಿಟ್ಟರಷ್ಟೇ ಸಾಲದು. ಈ ಆಟದ ದತ್ತಾಂಶವೆಲ್ಲ ಬಿಎಆರ್ ಎಂಬ ಬಾಲದ ಮೂಟೆಗಳಲ್ಲಿ ಇರುತ್ತದೆ. ಡೇಟಾ ಫೋಲ್ಡರಿನಲ್ಲಿ ಅದೇ ಹೆಸರಿನ ಬಿಡಿ ಫೈಲ್ ಸಿಕ್ಕರೆ ಆಟ ಮೂಟೆ ಬಿಟ್ಟು ಆ ಬಿಡಿ ಫೈಲನ್ನೇ ಓದುತ್ತದೆ. ಹಿಂದೆ ಯಾವಾಗಲೋ ಕೈಯಾರೆ ಹಾಕಿದ ಮಾಡ್‌ನ ಒಂದು ಬಿಡಿ ಫೈಲ್ ಉಳಿದಿದ್ದರೂ ಸೈನಿಕನ ಶಕ್ತಿ ನಿಮ್ಮಲ್ಲೊಂದು, ಪಕ್ಕದವನಲ್ಲೊಂದು.

ಸ್ಟೀಮ್‌ನ 'ವೆರಿಫೈ ಇಂಟೆಗ್ರಿಟಿ' ಇದನ್ನು ಹಿಡಿಯುವುದಿಲ್ಲ. ಅದು ತನ್ನ ಪಟ್ಟಿಯಲ್ಲಿರುವ ಫೈಲು ಸರಿ ಇದೆಯೇ ಎಂದಷ್ಟೇ ನೋಡುತ್ತದೆ, ಪಟ್ಟಿಯಲ್ಲಿ ಇಲ್ಲದ ಹೆಚ್ಚುವರಿ ಫೈಲಿನ ತಂಟೆಗೆ ಹೋಗುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದರೂ ಆ ಫೈಲ್ ಫೋಲ್ಡರಿನಲ್ಲೇ ಕೂತಿರುತ್ತದೆ. ಮದ್ದು: ಅನ್‌ಇನ್‌ಸ್ಟಾಲ್ ಮಾಡಿ, ಆಟದ ಫೋಲ್ಡರನ್ನು ಕೈಯಾರೆ ಅಳಿಸಿ, ಮತ್ತೆ ಇಳಿಸಿಕೊಳ್ಳಿ. ಅಳಿಸುವ ಮೊದಲು ತಡೆಯಿರಿ: ಎಕ್ಸ್‌ಟೆಂಡೆಡ್ ಎಡಿಶನ್‌ನ ಸೇವ್ ಫೈಲುಗಳು ಅದೇ ಫೋಲ್ಡರಿನೊಳಗೆ 'ಸೇವ್‌ಗೇಮ್' ಎಂಬಲ್ಲಿ ಇರುತ್ತವೆ. ಆ ಫೋಲ್ಡರನ್ನೂ 'ಯೂಸರ್ಸ್' ಫೋಲ್ಡರನ್ನೂ ಬೇರೆ ಕಡೆ ನಕಲು ಮಾಡಿಟ್ಟು ಆಮೇಲೆ ಕೈ ಹಾಕಿ.

ಸಿಡಿ ಆವೃತ್ತಿಯಲ್ಲಿ ಲ್ಯಾನ್ ಆಟ ಒಬ್ಬರಿಗೊಬ್ಬರಿಗೆ ಕಾಣದಿದ್ದರೆ ಐಪಿ ವಿಳಾಸ ಹೋಲಿಸಿ. ಮನೆಯ ರೌಟರಿನಲ್ಲಿ ಮೊದಲ ಮೂರು ಸಂಖ್ಯೆ ಎಲ್ಲರದೂ ಒಂದೇ ಇರಬೇಕು. 169.254 ಎಂದು ಶುರುವಾದರೆ ಆ ಯಂತ್ರಕ್ಕೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ. ಪಿಂಗ್ ಆಜ್ಞೆಯಿಂದ ಇನ್ನೊಂದು ಯಂತ್ರವನ್ನು ಕರೆದು ಉತ್ತರ ಬಂದರೆ ದಾರಿ ಇದೆ ಎಂದು ನಂಬಿ. ಬಾರದಿದ್ದರೆ ದಾರಿ ಇಲ್ಲ ಎಂದು ನಂಬಬೇಡಿ, ಫೈರ್‌ವಾಲ್ ಪಿಂಗ್ ಒಂದನ್ನೇ ತಡೆದಿರಬಹುದು. ನೆಟ್‌ವರ್ಕ್ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ. ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳಲ್ಲಿ ಇರುವವರು ಒಂದು ಮಾತು ತಿಳಿದಿರಿ: ಹಂಚಿಕೊಳ್ಳುವ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಐಸೊಲೇಶನ್ ಹಾಕಿರುವುದು ಸಾಮಾನ್ಯ. ಅಲ್ಲಿ ಎಷ್ಟು ಗುದ್ದಾಡಿದರೂ ಆಗುವುದಿಲ್ಲ. ಒಂದು ಸಣ್ಣ ಸ್ವಿಚ್ಚು, ನಾಲ್ಕು ಲ್ಯಾನ್ ಕೇಬಲ್ ತನ್ನಿ.

ಬೇರೆ ಊರಿನ ಗೆಳೆಯನಿಗೆ ಐಪಿ ಕೊಟ್ಟು ಹೋಸ್ಟ್ ಮಾಡುವವರು ರೌಟರಿನ ಪುಟದಲ್ಲಿ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಸಂಪರ್ಕದಾರರು ಒಂದೇ ಹೊರ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ. ಪೋರ್ಟ್ ತೆರೆದರೂ ಹೊರಗಿನವರು ಒಳಬರಲಾರರು. ಸ್ಟೀಮ್ ಆವೃತ್ತಿಯಲ್ಲಿ ಸ್ನೇಹಿತರ ಆಹ್ವಾನದ ಮೂಲಕ ಆಡಿ.

ಕರೆಂಟು, ಬಿಸಿಲು, ದೂಳು

ಕರ್ನಲ್ ಪವರ್ 41 ಕಂಡವರಿಗೆ ಇದು. ಕರೆಂಟು ಹೋದಾಗಲೆಲ್ಲ, ಮನೆಯಲ್ಲಿ ಇನ್ವರ್ಟರ್ ಇದ್ದೂ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆಯೇ? ಇನ್ವರ್ಟರಿನ ಮೇಲೆ ಯುಪಿಎಸ್, ಇಕೋ ಎಂಬ ಸ್ವಿಚ್ ಇದೆಯೇ ನೋಡಿ. ಇಕೋದಲ್ಲಿ ಬದಲಾವಣೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು ಲೈಟಿಗೆ ತಿಳಿಯುವುದಿಲ್ಲ, ಕಂಪ್ಯೂಟರ್ ಸತ್ತು ಹುಟ್ಟುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿ. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಮಂಡ್ಯದ ಹಳ್ಳಿಗಳಲ್ಲಿ ಡೆಸ್ಕ್‌ಟಾಪಿಗೆ ಬೇರೆ ಯುಪಿಎಸ್ ಇಡುವುದೇ ಲೇಸು.

ಡೌನ್‌ಲೋಡ್ ನಡುವೆ ಕರೆಂಟು ಹೋಗಿ 'ಡಿಸ್ಕ್ ರೈಟ್ ಎರರ್' ಅಥವಾ 'ಕರಪ್ಟ್' ಎಂದು ಸ್ಟೀಮ್ ಹಟ ಹಿಡಿದರೆ, ಸ್ಟೀಮ್ ಮುಚ್ಚಿ, ಸ್ಟೀಮ್‌ಆಪ್ಸ್ ಫೋಲ್ಡರಿನಲ್ಲಿರುವ 'ಡೌನ್‌ಲೋಡಿಂಗ್' ಫೋಲ್ಡರನ್ನು ಅಳಿಸಿ, ತೆರೆದು ವೆರಿಫೈ ಕೊಡಿ. ಹೀಗೆ ಅರ್ಧ ಬಂದ ಫೈಲಿಗೆ ವೆರಿಫೈ ಸರಿಯಾದ ಮದ್ದು.

ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಮಾತ್ರ ನಿಧಾನವಾದರೆ ಬಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು 'ಸ್ಪೀಡ್' ನೋಡಿ. ಆಟ ನಡೆಯುತ್ತಿರುವಾಗಲೇ ಅದು ಪಕ್ಕದ 'ಬೇಸ್ ಸ್ಪೀಡ್'ಗಿಂತ ಕೆಳಗೆ ಇಳಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಚಾರ್ಜರ್ ಹಾಕಿದೆಯೇ ನೋಡಿ, ಬ್ಯಾಟರಿಯಲ್ಲಿ ಆಡಿದರೂ ಹೀಗೇ ಆಗುತ್ತದೆ. ಹಾಸಿಗೆಯ ಮೇಲಿಂದ ಎತ್ತಿ ಮಣೆಯ ಮೇಲಿಡಿ. ಗಾಳಿಕಂಡಿಯಲ್ಲಿ ದೂಳಿನ ಪದರ ಕಟ್ಟಿದ್ದರೆ ಬಿಚ್ಚಿಸಿ ತೆಗೆಸಿ. ಆಲೆಮನೆಯ ಹತ್ತಿರದ ಮನೆಯಾದರೆ ವರ್ಷಕ್ಕೊಮ್ಮೆ ಸಾಲದು.

ಸೇವ್ ಆಗುತ್ತಿಲ್ಲ

ಸಿಡಿ ಆಟದ ಸೇವ್‌ಗಳು ಡಾಕ್ಯುಮೆಂಟ್ಸ್ ಒಳಗಿನ 'ಮೈ ಗೇಮ್ಸ್'ನಲ್ಲಿ, ರಿಟೋಲ್ಡ್‌ನವು ಬಳಕೆದಾರರ ಫೋಲ್ಡರಿನೊಳಗೆ 'ಗೇಮ್ಸ್' ಎಂಬಲ್ಲಿ. ವಿಂಡೋಸ್ ಸೆಕ್ಯೂರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಕೆಳಗೆ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಇದ್ದರೆ ಅದು ಕಾಯುವ ಫೋಲ್ಡರುಗಳಲ್ಲಿ ಆಟಕ್ಕೆ ಬರೆಯಲು ಬಿಡುವುದಿಲ್ಲ. ಪೂರ್ತಿ ಆಫ್ ಮಾಡದೆ ಆಟವನ್ನು ಮಾತ್ರ ಅನುಮತಿ ಪಟ್ಟಿಗೆ ಸೇರಿಸಿ.

ನಮ್ಮವರಿಗೆ ಬರುವ ತೊಂದರೆ ಇನ್ನೊಂದಿದೆ. ವಿಂಡೋಸ್ ಬಳಕೆದಾರರ ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟರೆ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಆಗಬಹುದು. ಹಳೇ ಪ್ರೋಗ್ರಾಮುಗಳು ಬಳಸುವ ಆನ್ಸಿ ಕೋಡ್ ಪೇಜ್ (ಅಕ್ಷರಗಳ ಹಳೇ ಪಟ್ಟಿ) ಕನ್ನಡಕ್ಕೆ ಇಲ್ಲ, ಅದಕ್ಕೆ ಯೂನಿಕೋಡ್ ಬೇಕು. ಯೂನಿಕೋಡ್ ತಿಳಿಯದ ಹಳೇ ಪ್ರೋಗ್ರಾಮು, ಮಾಡ್ ಉಪಕರಣಗಳಿಗೆ ಆ ದಾರಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಭಾಷಾಭಿಮಾನ ಬಿಡಬೇಕಿಲ್ಲ: ಆಟಕ್ಕೆಂದು ಇಂಗ್ಲಿಷ್ ಅಕ್ಷರದ ಇನ್ನೊಂದು ಲೋಕಲ್ ಅಕೌಂಟ್ ಮಾಡಿ ಪರೀಕ್ಷಿಸಿ, ಅಲ್ಲಿ ಸೇವ್ ಆದರೆ ಕಾರಣ ಸಿಕ್ಕಿತು. ಈಗಿರುವ ಫೋಲ್ಡರಿನ ಹೆಸರನ್ನು ಬದಲಿಸಲು ಹೋಗಬೇಡಿ, ವಿಂಡೋಸ್ ದಾರಿ ತಪ್ಪುತ್ತದೆ.

ದೋಷವೇ ಅಲ್ಲದ ದೋಷಗಳು

ಗ್ರೀಕರನ್ನು ಆಡಿ ಪಳಗಿದವರು ಅಟ್ಲಾಂಟಿಯನ್ನರಿಗೆ ಬಂದಾಗ ನಿಯಮವನ್ನೇ ಬಗ್ ಎಂದುಕೊಳ್ಳುತ್ತಾರೆ. ಇವರ ನಾಗರಿಕರು ಧಾನ್ಯ, ಮರ, ಚಿನ್ನವನ್ನು ಎಲ್ಲೂ ಹೊತ್ತು ತಂದು ಹಾಕುವುದಿಲ್ಲ, ಕಡಿದಲ್ಲೇ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಒಬ್ಬೊಬ್ಬರ ಬೆಲೆ ಜಾಸ್ತಿ, ಜನಸಂಖ್ಯೆಯಲ್ಲೂ ಒಂದಕ್ಕಿಂತ ಹೆಚ್ಚು ಜಾಗ ತಿನ್ನುತ್ತಾರೆ. ದೇವಸ್ಥಾನದಲ್ಲಿ ಪ್ರಾರ್ಥನೆಗೆ ನಿಲ್ಲಿಸಲು ಆಗುತ್ತಿಲ್ಲ, ಫೇವರ್ (ದೇವರ ಕೃಪೆಯ ಲೆಕ್ಕ) ಏರುತ್ತಿಲ್ಲ ಎಂದರೆ, ಪ್ರಾರ್ಥನೆ ಗ್ರೀಕರ ಪದ್ಧತಿ. ಅಟ್ಲಾಂಟಿಯನ್ನರಿಗೆ ಫೇವರ್ ಬರುವುದು ಹಿಡಿದ ಟೌನ್ ಸೆಂಟರುಗಳ ಲೆಕ್ಕದಲ್ಲಿ. ಒಂದೇ ಊರಿನಲ್ಲಿ ಕೂತವರಿಗೆ ತೊಟ್ಟಿಕ್ಕುತ್ತದೆ ಅಷ್ಟೇ. ಟೌನ್ ಸೆಂಟರನ್ನೂ ಕಂಡ ಕಡೆ ಕಟ್ಟಲಾಗದು, ಮ್ಯಾಪಿನಲ್ಲಿರುವ ಸೆಟ್ಲ್‌ಮೆಂಟ್ ಮೇಲೆ ಮಾತ್ರ.

"ಒಬ್ಬ ದೇವರು ಕಾಣುತ್ತಿಲ್ಲ, ಫೈಲ್ ಮಿಸ್ಸಿಂಗಾ?" ಇಲ್ಲ. ಅಟ್ಲಾಂಟಿಯನ್ನರಲ್ಲಿ ಪ್ರತಿ ಯುಗಕ್ಕೆ ಮೂವರು ಸಣ್ಣ ದೇವರಿದ್ದರೂ ಒಬ್ಬ ದೊಡ್ಡ ದೇವರಿಗೆ ಇಬ್ಬರು ಮಾತ್ರ ಒಲಿಯುತ್ತಾರೆ. ಕ್ಲಾಸಿಕಲ್ ಯುಗದಲ್ಲಿ ಕ್ರೋನಸ್‌ಗೆ ಪ್ರೊಮಿಥಿಯಸ್, ಲೀಟೋ. ಊರನಸ್‌ಗೆ ಪ್ರೊಮಿಥಿಯಸ್, ಓಶಿಯಾನಸ್. ಗಾಯಾಗೆ ಲೀಟೋ, ಓಶಿಯಾನಸ್. ಯುಗ ಏರಿಸುವ ಗುಂಡಿ ಬೂದಿ ಬಣ್ಣದಲ್ಲೇ ಇದ್ದರೆ ಕಟ್ಟಡ ನೋಡಿ: ಕ್ಲಾಸಿಕಲ್‌ಗೆ ಟೆಂಪಲ್, ಹೀರೋಯಿಕ್‌ಗೆ ಆರ್ಮರಿ, ಮಿಥಿಕ್‌ಗೆ ಮಾರ್ಕೆಟ್ ಬೇಕು. ಗಾಡ್ ಪವರ್ (ದೇವರು ಕೊಡುವ ಶಕ್ತಿ) ಒಂದು ಸಲ ಬಳಸಿದ ಮೇಲೆ ಮಾಯವಾಯಿತು ಎಂಬುದು ಹಳೇ ಎರಡು ಆವೃತ್ತಿಯಲ್ಲಿ ಗ್ರೀಕ್, ಈಜಿಪ್ಟ್, ನಾರ್ಸ್‌ಗೆ ಸಹಜ. ಅಟ್ಲಾಂಟಿಯನ್ನರಿಗೆ ಮಾತ್ರ ಒಂದಕ್ಕಿಂತ ಹೆಚ್ಚು ಸಲ ಸಿಗುತ್ತಿತ್ತು. ರಿಟೋಲ್ಡ್‌ನಲ್ಲಿ ಎಲ್ಲರಿಗೂ ಮತ್ತೆ ಸಿಗುತ್ತದೆ, ಪ್ರತಿ ಸಲ ಫೇವರ್ ತೆತ್ತು.

ಟೈಟನ್ ಗೇಟ್ ಇಟ್ಟು ಹತ್ತು ನಿಮಿಷವಾದರೂ ಏನೂ ಹೊರಬರದಿದ್ದರೆ ಗೇಟಿನ ಹತ್ತಿರ ಹೋಗಿ ನೋಡಿ, ಕೆಲಸಗಾರರು ಇದ್ದಾರೆಯೇ ಅಂತ. ಅದು ತಾನಾಗಿ ತೆರೆಯುವುದಿಲ್ಲ, ಕಟ್ಟಡದ ಹಾಗೆ ಕಟ್ಟಬೇಕು, ಅದೂ ಬಹಳ ಹೊತ್ತು. ಇಬ್ಬರನ್ನು ಬಿಟ್ಟು ಯುದ್ಧಕ್ಕೆ ಹೋದವರ ಗೇಟು ಅರ್ಧಕ್ಕೇ ನಿಂತಿರುತ್ತದೆ. ಹೊಲದಲ್ಲಿರುವ ಹದಿನೈದು ಇಪ್ಪತ್ತು ಮಂದಿಯನ್ನು ಎಳೆದು ತಂದು ಹಚ್ಚಿ, ಸುತ್ತ ಕಾವಲಿಡಿ.